ಕುಂಚಿಗೆಯ ಲಕೋಟೆಗೆ ಬಿದ್ದ ದಂಡ

ಮಾನ್ಯ ಅಂಚೆ ಅಧಿಕಾರಿಗಳೇ,

ಬಾಣಂತಿಗೆ ತವರಿನಿಂದ ಬಂದ ಕುಂಚಿಗೆಯನ್ನು ಅವಳ ಅತ್ತೆ ದಂಡ ಕಟ್ಟಿ ಬಿಡಿಸಿಕೊಳ್ಳುವ ಹಾಗೆ ನಿಮ್ಮ ಇಲಾಖೆ ಮಾಡಿದೆ. ಆ ಕುಂಚಿಗೆ ಹೊಲಿದವಳು ನಾನು. ಲಕೋಟೆಗೆ ಹಾಕಿ ಟಿಕೀಟು ಹಚ್ಚಿದವಳೂ ನಾನು. ಟಿಕೀಟಿನ ಬೆಲೆ ಒಂದು ಪೈಸೆಯಷ್ಟೂ ಕಡಿಮೆ ಇರಲಿಲ್ಲ. ಆದರೂ ದಂಡ ಬಿತ್ತು. ಅದೂ ನನಗಲ್ಲ, ತೊಟ್ಟಿಲ ಕಾರ್ಯಕ್ಕೆ ಮನೆ ತುಂಬ ಜನ ಸೇರಿದ್ದ ಹೊತ್ತಿನಲ್ಲಿ ಬೀಗರ ಬಾಗಿಲಲ್ಲಿ ಬಿತ್ತು. ಅಂದಿನಿಂದ ನನಗೆ ತಲೆ ಎತ್ತಿ ನಡೆಯಲಾಗುತ್ತಿಲ್ಲ. ನೀವು ಮಾತ್ರ ಎತ್ತಿಯೇ ನಡೆಯುತ್ತಿರಬಹುದು ಎಂಬ ಅನುಮಾನದಿಂದ ಈ ಪತ್ರ ಬರೆಯುತ್ತಿದ್ದೇನೆ.

ಪುಣೆಯಲ್ಲಿ ಕುಳಿತು ಕನ್ನಡದಲ್ಲೇಕೆ ಬರೆಯುತ್ತೀಯೆ ಎಂದು ಕೇಳಬಹುದು. ಮರಾಠಿಯಲ್ಲಿ ಒಂದು ಅರ್ಜಿ ಕೊಟ್ಟೆ, ಹಿಂದಿಯಲ್ಲಿ ಇನ್ನೊಂದು ಕೊಟ್ಟೆ. ಎರಡಕ್ಕೂ ಉತ್ತರವಿಲ್ಲ. ಹೇಗೂ ಉತ್ತರ ಬರುವುದಿಲ್ಲ ಎಂದಾದ ಮೇಲೆ ನನ್ನ ಭಾಷೆಯಲ್ಲೇ ಬಾರದಿರಲಿ ಎಂದುಕೊಂಡೆ. ಇನ್ನೊಂದು ಕಾರಣವೂ ಇದೆ. ನಾನು ಮುಖ ಮುಚ್ಚಿಕೊಂಡು ಓಡಾಡುತ್ತಿರುವುದು ಈ ಊರಿನ ನಮ್ಮ ಕನ್ನಡ ಮಂದಿಯ ನಡುವೆ. ಅವರ ಮುಂದೆಯೇ ಎಲ್ಲವನ್ನೂ ಹೇಳಿಬಿಡುವುದು ಒಳ್ಳೆಯದೆಂದು, ಈ ಊರು ದಾಟದ ನಮ್ಮ ಕನ್ನಡ ಸಂಘದ ಪತ್ರಿಕೆಗೂ ಇದರ ಪ್ರತಿ ಕೊಡುತ್ತಿದ್ದೇನೆ.

ನಾನು ಗುಳೇದಗುಡ್ಡದವಳು. ಮದುವೆಯಾಗಿ ಪುಣೆಗೆ ಬಂದೆ. ನನ್ನ ಗಂಡ ಚನ್ನವೀರ ಒಂದು ಖಾಸಗಿ ಕಚೇರಿಯಲ್ಲಿ ಗುಮಾಸ್ತರು. ನಾನು ಮನೆಯಲ್ಲಿ ಖಣದ ಬಟ್ಟೆಯ ಕುಂಚಿಗೆ ಹೊಲಿಯುತ್ತೇನೆ. ಕುಂಚಿಗೆ ಏನೆಂದು ನಿಮಗೆ ತಿಳಿಯದಿದ್ದರೆ ನಿಮ್ಮ ತಾಯಿಯನ್ನು ಕೇಳಿ, ನೀವೂ ಒಂದು ಕಾಲಕ್ಕೆ ಹಾಕಿಕೊಂಡಿರುತ್ತೀರಿ. ಕೂಸಿನ ತಲೆ ಮುಚ್ಚಿ ಬೆನ್ನಿನವರೆಗೂ ಇಳಿಯುವ ಟೊಪ್ಪಿಗೆ ಅದು. ಅಂಚಿಗೆ ಮಣಿ, ತುದಿಗೆ ಗೊಂಡೆ. ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರ, ಎಲ್ಲೆಲ್ಲಿ ನಮ್ಮವರಿದ್ದಾರೋ ಅಲ್ಲಿಂದೆಲ್ಲ ಫೋನಿನಲ್ಲಿ ಬೇಡಿಕೆ ಬರುತ್ತದೆ. ಕೊರಿಯರಿನವರು ಹಳ್ಳಿಗೆ ಹೋಗುವುದಿಲ್ಲ, ನಿಮ್ಮ ಪೋಸ್ಟ್‌ಮನ್ ಹೋಗುತ್ತಾರೆ. ಹೀಗಾಗಿ ನನ್ನ ವ್ಯಾಪಾರವೆಲ್ಲ ನಿಮ್ಮ ಟಿಕೀಟನ್ನು ನಂಬಿಕೊಂಡಿದೆ.

ಟಿಕೀಟು ಎಲ್ಲಿದೆ, ಸ್ವಾಮಿ? ನನ್ನ ಲಕೋಟೆ ತೂಗಲು ಮನೆಯಲ್ಲಿ ತಕ್ಕಡಿ ಇಟ್ಟುಕೊಂಡಿದ್ದೇನೆ. ಯಾವ ತೂಕಕ್ಕೆ ಎಷ್ಟು ಎಂಬುದು ನನಗೆ ಬಾಯಿಪಾಠ. ಆದರೆ ಬೇಕಾದ ಬೆಲೆಯ ಟಿಕೀಟು ಕೇಳಿದರೆ ನಮ್ಮ ಬಡಾವಣೆಯ ಅಂಚೆ ಕಚೇರಿಯ ಕಿಟಕಿಯಲ್ಲಿ ಯಾವಾಗಲೂ ಒಂದೇ ಉತ್ತರ, ಮುಂದಿನ ವಾರ ಬನ್ನಿ. ಅವರ ಡ್ರಾಯರಿನಲ್ಲಿ ಇರುವುದು ಎರಡೇ ಬಗೆ. ಒಂದು, ಇಡೀ ಲಕೋಟೆಯ ಖರ್ಚನ್ನು ಮೀರುವ ದೊಡ್ಡ ಬೆಲೆಯದು. ಇನ್ನೊಂದು, ಹಿಡಿ ತುಂಬ ಹಚ್ಚಿದರೂ ಲೆಕ್ಕಕ್ಕೆ ಸಾಲದ ಚಿಲ್ಲರೆಯದು. ಒಮ್ಮೆ ಹಟ ಹಿಡಿದು ಬಸ್ಸು ಹತ್ತಿ ಊರ ನಡುವಿನ ದೊಡ್ಡ ಕಚೇರಿಗೂ ಹೋದೆ. ಅಲ್ಲಿ ಗಾಜಿನ ಕೆಳಗೆ ಚಂದದ ಹಕ್ಕಿಗಳ ಟಿಕೀಟು ಹರಡಿದ್ದರು, ಬೆಲೆಯೂ ನನಗೆ ಬೇಕಾದದ್ದೇ. ಕೈ ಮುಂದೆ ಮಾಡಿದೆ. ಅಲ್ಲಿದ್ದ ಮಹನೀಯರು, ‘ತಾಈ, ಹೀ ವಾಪರಾಯಲಾ ನಾಹೀತ, ಜಮವಾಯಲಾ ಆಹೇತ’ ಅಂದರು. ಬಳಸುವುದಕ್ಕಲ್ಲವಂತೆ, ಕೂಡಿಡುವುದಕ್ಕಂತೆ. ಪೂರ್ತಿ ಹಾಳೆ ಕೊಂಡರೆ ಮಾತ್ರ ಕೊಡುತ್ತಾರಂತೆ. ಪತ್ರಕ್ಕೆ ಹಚ್ಚಬಾರದ ಟಿಕೀಟು, ಗಂಟಲಿಗೆ ಇಳಿಯಬಾರದ ನೀರು, ಇಂಥವನ್ನು ಮಾಡಿಸಿಡುವ ಬುದ್ಧಿ ನಿಮ್ಮವರಿಗಲ್ಲದೆ ಬೇರೆ ಯಾರಿಗೆ ಬಂದೀತು?

ಇನ್ನು ಕೌಂಟರಿನಲ್ಲೇ ಕೊಟ್ಟು ಯಂತ್ರದ ಚೀಟಿ ಅಂಟಿಸಿಕೊಳ್ಳಬಾರದಿತ್ತೇ ಎನ್ನುತ್ತೀರಿ. ದಂಡ ಬಿದ್ದ ಆ ಲಕೋಟೆ ಹಿಡಿದು ಅಂದೂ ಅದಕ್ಕೇ ಹೋಗಿದ್ದೆ. ಸರ್ವರ್ ಬಂದ್ ಇತ್ತು. ನಿಮ್ಮ ಸರ್ವರ್‌ಗೆ ನಮ್ಮ ಊರ ದೇವರಿಗಿಂತ ಹೆಚ್ಚು ಮಡಿ, ಅದು ಯಾವಾಗ ದರ್ಶನ ಕೊಡುತ್ತದೆಂದು ಯಾರಿಗೂ ಗೊತ್ತಿಲ್ಲ. ಕಿಟಕಿಯಲ್ಲಿದ್ದವರು ನನ್ನ ಮುಖ ನೋಡಿ ಕನಿಕರಪಟ್ಟು, ಟಿಕೀಟು ಹಚ್ಚಿ ಡಬ್ಬಿಗೆ ಹಾಕಿಬಿಡಿ ಎಂದು ಸಲಹೆ ಕೊಟ್ಟರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರ ವರ್ಗಾವಣೆಯಾಗುತ್ತದೆ, ಡ್ರಾಯರು ಖಾಲಿಯೇ ಇರುತ್ತದೆ. ಅವರು ಕೊಟ್ಟ ಚಿಲ್ಲರೆ ಟಿಕೀಟುಗಳ ಹಾಳೆ ಹಿಡಿದು ಮನೆಗೆ ಬಂದೆ.

ಆ ಲಕೋಟೆ ಕಲ್ಲವ್ವನದು. ಕಲ್ಲವ್ವ ಜಮಖಂಡಿಯವರು, ಅಲ್ಲಿ ಸಂತೆಯಲ್ಲಿ ಬಳೆ ಮಾರುತ್ತಾರೆ. ಒಬ್ಬಳೇ ಮಗಳು ದೀಪಾಲಿಯನ್ನು ಭೋರ್‌ನಲ್ಲಿ ನೆಲೆಸಿದ ಕಿರಾಣಿ ವ್ಯಾಪಾರದ ಮನೆಗೆ ಕೊಟ್ಟಿದ್ದಾರೆ. ತಮಗಿಂತ ದೊಡ್ಡ ಮನೆ. ಮೊದಲ ಹೆರಿಗೆ ಪದ್ಧತಿಯಂತೆ ತವರಿನಲ್ಲೇ ಆಗಿತ್ತು, ಎರಡನೆಯದು ಅತ್ತೆಯ ಮನೆಯಲ್ಲಾಯಿತು. ತೊಟ್ಟಿಲಿಗೆ ಹಾಕುವ ದಿನ ತವರಿನವರು ಉಡುಗೊರೆಯ ಆಯೇರಿ ತರಬೇಕು, ತವರಿನ ಕುಂಚಿಗೆ ಹಾಕಿಯೇ ಕೂಸನ್ನು ತೊಟ್ಟಿಲಲ್ಲಿ ಮಲಗಿಸಬೇಕು. ಕಲ್ಲವ್ವನಿಗೆ ಕಾಲು ಮುರಿದು ಪಟ್ಟಿ ಹಾಕಿದ್ದರು. ನನಗೆ ಫೋನು ಮಾಡಿದರು. ‘ನನಗ ಹೋಗಾಕ ಆಗೂದಿಲ್ಲವ್ವಾ. ನಿನ್ನ ಕುಂಚಿಗೀನ ನನ್ನ ಬದಲಿ ಹೋಗಬೇಕು. ಬರೇ ಅರಿವಿ ಕಳಸಬ್ಯಾಡ, ಅರಿಷಿಣ ಕುಂಕುಮ ಹಚ್ಚಿ ಕಳಸು,’ ಅಂದರು.

ಈಗ ನನ್ನ ತಪ್ಪನ್ನೂ ಕೇಳಿ. ಚಿಲ್ಲರೆ ಟಿಕೀಟು ಹಚ್ಚುತ್ತ ಹೋದೆ. ಲಕೋಟೆಯ ತಲೆಯ ಮೇಲೆಲ್ಲ ಒಂದು ಸಾಲು ಹಬ್ಬಿ, ಸಾಲದೆ ಬಲಗಡೆ ಕೆಳಗಿನವರೆಗೂ ಇಳಿಯಿತು. ನಡುವೆ ವಿಳಾಸಕ್ಕೆ ಜಾಗ ಉಳಿದದ್ದೇ ಹೆಚ್ಚು. ಆಮೇಲೆ ಮದುವೆಯ ಕಾಗದಕ್ಕೆ ಹಚ್ಚುವ ಹಾಗೆ ನಾಲ್ಕೂ ಮೂಲೆಗೆ ಅರಿಸಿನ ತೊಯಿಸಿ ಹಚ್ಚಿ, ಮೇಲೆ ಕುಂಕುಮವಿಟ್ಟೆ. ಮೂರು ಮೂಲೆಗಳಲ್ಲಿ ಟಿಕೀಟುಗಳಿದ್ದವು. ಶುಭಕಾರ್ಯದ ಲಕೋಟೆಗೆ ಒಂದೇ ಮೂಲೆಗೆ ಕುಂಕುಮವಿಟ್ಟು ಮೂರನ್ನು ಬೋಳು ಬಿಡಲು ನಮ್ಮವರಲ್ಲಿ ಯಾವ ಹೆಂಗಸಿಗೆ ಮನಸ್ಸು ಬಂದೀತು? ಒಂದು ಸರಿಯಾದ ಬೆಲೆಯ ಟಿಕೀಟು ಇದ್ದಿದ್ದರೆ ಅದು ಮೂಲೆ ಬಿಟ್ಟು ತನ್ನ ಪಾಡಿಗೆ ಕುಳಿತಿರುತ್ತಿತ್ತು. ಡಬ್ಬಿಗೆ ಹಾಕುವಾಗ ನನಗೆ ಹೆಮ್ಮೆಯೇ ಆಗಿತ್ತು, ಎಷ್ಟು ಲಕ್ಷಣವಾಗಿದೆ ನೋಡು ಎಂದು ಗಂಡನಿಗೂ ತೋರಿಸಿದ್ದೆ. ಆ ಹೆಮ್ಮೆ ನೆನೆದರೆ ಈಗ ಮೈ ಮುದುಡುತ್ತದೆ.

ಮುಂದಿನದನ್ನು ಕಿಟಕಿಯಲ್ಲಿದ್ದ ಅವರೇ ಭೋರ್ ಕಚೇರಿಯಲ್ಲಿ ವಿಚಾರಿಸಿ ಆಮೇಲೆ ನನಗೆ ಹೇಳಿದರು. ದಾರಿಯಲ್ಲಿ ಎಲ್ಲೋ ಲಕೋಟೆಗೆ ತೇವ ತಾಗಿದೆ. ಕುಂಕುಮ ಇಳಿದು ಸಾಲಿನ ಟಿಕೀಟುಗಳೆಲ್ಲ ಕೆಂಪಾಗಿವೆ. ಯಾವುದೋ ಮೇಜಿನ ಮೇಲೆ ಯಾರೋ ಇವು ಕೆಟ್ಟುಹೋದ ಟಿಕೀಟು, ಲೆಕ್ಕಕ್ಕಿಲ್ಲ ಎಂದು ತೀರ್ಮಾನಿಸಿ ಲಕೋಟೆಯನ್ನು ಬೇರಿಂಗ್ ಮಾಡಿದ್ದಾರೆ. ಬೇರಿಂಗ್ ಎಂದರೆ, ಓದುವವರಿಗಾಗಿ ಹೇಳುತ್ತೇನೆ, ಕಡಿಮೆ ಬಿದ್ದದ್ದರ ಎರಡು ಪಟ್ಟನ್ನು ಪಡೆಯುವವರಿಂದ ವಸೂಲಿ ಮಾಡುವುದು. ನಿಮ್ಮ ಕಪ್ಪು ಮಸಿ ಬಿದ್ದರೆ ಟಿಕೀಟು ಸಾರ್ಥಕ, ನಮ್ಮ ಕುಂಕುಮ ಬಿದ್ದರೆ ನಿರರ್ಥಕ. ಇರಲಿ, ನಿಯಮ ನಿಯಮವೇ. ಆದರೆ ಹಚ್ಚಿದವಳು ನಾನು, ಹಿಂಬದಿಯಲ್ಲಿ ನನ್ನ ಹೆಸರು, ವಿಳಾಸ, ಫೋನ್ ನಂಬರು ಎಲ್ಲ ದಪ್ಪ ಅಕ್ಷರದಲ್ಲಿತ್ತು. ಲಕೋಟೆಯನ್ನು ನನಗೇ ತಿರುಗಿ ಕಳಿಸಿ ಛೀಮಾರಿ ಹಾಕಬಹುದಿತ್ತು. ತಪ್ಪು ಮಾಡಿದವಳು ಪುಣೆಯಲ್ಲಿ, ದಂಡ ಭೋರ್‌ನಲ್ಲಿ, ಇದು ಯಾವ ಊರ ನ್ಯಾಯ?

ಬೇಡವೆಂದು ಮರಳಿಸುವ ಅವಕಾಶ ಪಡೆಯುವವರಿಗೆ ಇತ್ತಲ್ಲ ಎಂದು ನಿಮ್ಮ ಪುಸ್ತಕ ಹೇಳಬಹುದು. ತವರಿನ ಆಯೇರಿಯನ್ನು, ಮುತ್ತೈದೆಯರೆಲ್ಲ ನೋಡುತ್ತಿರುವಾಗ, ಬಾಗಿಲಿನಿಂದಲೇ ಮರಳಿಸಲು ಸಾಧ್ಯವೇ? ದೀಪಾಲಿಯ ಅತ್ತೆ ಕೃಷ್ಣಾಬಾಯಿ ಒಳಗಿನಿಂದ ದುಡ್ಡು ತರಿಸಿ ಕೊಟ್ಟರು. ಆಮೇಲೆ ನೆರೆದವರ ಮುಂದೆ, ದನಿ ಏರಿಸದೆ, ‘ಇಂಥಾ ಆಯೇರಿ ನಾವು ಎಂದೂ ಕಂಡಿದ್ದಿಲ್ಲ ಬಿಡ್ರಿ. ಕೊಡೋರು ತಗೋಳೋರ ಕಡೆ ರೊಕ್ಕ ಇಸಗೋತಾರ,’ ಅಂದರಂತೆ. ಯಾರೋ ನಕ್ಕರಂತೆ. ಪೇಟೆಯಿಂದ ತಂದ ಉಣ್ಣೆಯ ಟೊಪ್ಪಿಗೆ ಹಾಕಿ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದರು.

ಬಾಗಿಲಲ್ಲಿ ನಡೆದದ್ದೆಲ್ಲ ನನಗೆ ತಿಳಿದದ್ದು ಫೋನು ಮಾಡಿದ ಕಲ್ಲವ್ವನಿಂದ. ಬೈಯುತ್ತಾರೆಂದು ಕಿವಿಗೊಟ್ಟು ಕುಳಿತೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಟಿಕೀಟಿಗೆ ಕೊಟ್ಟದ್ದು ಕಡಿಮೆ ಬಿದ್ದಿತ್ತೇನವ್ವ, ನನ್ನನ್ನು ಕೇಳಬಾರದಿತ್ತೇ ಎಂದಷ್ಟೇ ಕೇಳಿದರು. ಕಡಿಮೆ ಹಚ್ಚಿರಲಿಲ್ಲ ಎಂದು ಹೇಳಿದೆ, ಕಿಟಕಿಯವರಿಂದ ತಿಳಿದ ಮೇಲೆ ಮತ್ತೆ ಫೋನು ಮಾಡಿ ಕುಂಕುಮದ ಕತೆಯನ್ನೂ ಹೇಳಿದೆ. ಅವರು ಹೂಂಗುಟ್ಟಿದರು. ನಂಬಿದರೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ.

ಸುಮ್ಮನಿರಲಾಗದೆ ಸ್ವಾರಗೇಟದಲ್ಲಿ ಬಸ್ಸು ಹತ್ತಿ ಭೋರ್‌ಗೆ ಹೋದೆ. ಚನ್ನವೀರ ಹೋಗಬೇಡ ಅಂದಿದ್ದರು. ‘ಹೋದ್ರ ಇನ್ನಷ್ಟು ಕೆಡತದ. ಅವರು ದೊಡ್ಡ ಮಂದಿ, ರೊಕ್ಕದ ಮಾತು ಎತ್ತಬ್ಯಾಡ,’ ಅಂತ ಹೇಳಿಯೂ ಇದ್ದರು. ನಾನು ಎತ್ತಿದೆ. ಕೃಷ್ಣಾಬಾಯಿ ಚಹಾ ಕೊಟ್ಟರು, ಕೂರಿಸಿ ಮಾತಾಡಿಸಿದರು. ನಾನು ಕುಂಕುಮ, ಟಿಕೀಟು, ಸರ್ವರ್ ಎಂದು ಒಂದರ ಮೇಲೊಂದು ಹೇಳಿ, ನೀವು ಕಟ್ಟಿದ ದಂಡ ಇದು ಎಂದು ದುಡ್ಡನ್ನು ಅವರ ಮುಂದಿಟ್ಟೆ. ಅವರ ಮುಖ ಗಟ್ಟಿಯಾಯಿತು.

‘ರೊಕ್ಕಕ್ಕ ನಾವೇನು ಸತ್ತಿಲ್ರಿ. ನಿಮ್ಮನ್ನ ಕಲ್ಲವ್ವನವರು ಕಳಿಸ್ಯಾರೇನು?’

ಇಲ್ಲ ಎಂದೆ. ಎಷ್ಟು ಬಾರಿ ಇಲ್ಲ ಎಂದರೂ ಹೌದು ಎಂದ ಹಾಗೇ ಕೇಳಿಸಿತು. ಟಿಕೀಟು ಉಳಿಸಿದ ಬೀಗತಿ ಈಗ ದುಡ್ಡು ಕೊಟ್ಟು ಆಳು ಕಳಿಸಿದ್ದಾಳೆ ಎಂದು ಅವರು ತಿಳಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಚಿಕ್ಕಂದಿನಿಂದ ಕೇಳಿದ್ದೆ, ನಾನು ಆನೆಯನ್ನಲ್ಲ, ಮತ್ತೊಂದು ಅಡಿಕೆಯನ್ನೇ ಕೊಂಡೊಯ್ದಿದ್ದೆ. ಹೊರಡುವಾಗ ದೀಪಾಲಿ ಕೂಸನ್ನೆತ್ತಿಕೊಂಡು ಬಾಗಿಲವರೆಗೆ ಬಂದಳು. ‘ಅಕ್ಕಾರ, ಕುಂಚಿಗಿ ಭಾಳ ಛಂದ ಆಗೇದ್ರಿ. ಹಾಕಾಕ ಬಿಡಲಿಲ್ಲ,’ ಅಂದು ಒಳಗೆ ಹೋದಳು. ಬಸ್ಸಿನಲ್ಲಿ ಪಕ್ಕದವರು ಏನಾಯಿತೆಂದು ಕೇಳುವಷ್ಟು ಅತ್ತೆ.

ಈಗ ಆ ಕೂಸಿಗೆ ಜವಳ ತೆಗೆಸುತ್ತಾರೆ. ತವರಿನವರನ್ನು ಕರೆದೇ ಮಾಡುವ ಕಾರ್ಯ ಅದು. ಕಲ್ಲವ್ವನ ಕಾಲು ನೆಟ್ಟಗಾಗಿದೆ, ಕೋಲು ಹಿಡಿದು ನಡೆಯುತ್ತಾರೆ. ಆದರೆ ಕರೆ ಬಂದಿಲ್ಲ. ದಿನ ಗೊತ್ತು ಮಾಡಿದ ಸುದ್ದಿಯೂ ಅವರಿಗೆ ಬೇರೆಯವರ ಬಾಯಿಂದ ತಿಳಿಯಿತು. ಈ ಮೊಮ್ಮಗುವಿನ ಮುಖವನ್ನು ಅವರು ಇನ್ನೂ ಕಂಡಿಲ್ಲ, ಸ್ವಾಮಿ. ಇಡೀ ಪತ್ರದಲ್ಲಿ ನೀವು ಒಂದೇ ಸಾಲು ಓದುವುದಾದರೆ ಈ ಸಾಲನ್ನು ಓದಿ.

ನನ್ನ ಬೇಡಿಕೆ ಎರಡು. ಕಿಟಕಿಯಲ್ಲಿ ಎಲ್ಲ ಬೆಲೆಯ ಟಿಕೀಟು ಇಡಿಸಿ. ಮನೆಯಲ್ಲಿ ಹೊಲಿದು, ಕರಿದು, ಪುಡಿ ಮಾಡಿ ಕಳಿಸುವ ನಮ್ಮಂಥ ಹೆಂಗಸರು ಈ ಊರಿನಲ್ಲಿ ಬಹಳ ಜನ ಇದ್ದೇವೆ. ಇದಕ್ಕೆ ಸಮಿತಿ ಮಾಡುತ್ತೀರೋ ಸುತ್ತೋಲೆ ಹೊರಡಿಸುತ್ತೀರೋ, ನಿಮ್ಮ ಪದ್ಧತಿಯಂತೆ ನಿಧಾನವಾಗಿಯೇ ಮಾಡಿ, ಕಾಯಲು ನಮಗೆ ರೂಢಿಯಾಗಿದೆ. ಎರಡನೆಯದಕ್ಕೆ ಕಾಯಲಾಗದು. ಭೋರ್‌ನ ಆ ಮನೆಗೆ ನಿಮ್ಮ ಮುದ್ರೆ ಒತ್ತಿದ ಎರಡು ಸಾಲಿನ ಕಾಗದ ಬರೆಯಿರಿ. ಈ ಲಕೋಟೆಗೆ ಪೂರ್ತಿ ಬೆಲೆಯ ಟಿಕೀಟು ಹಚ್ಚಲಾಗಿತ್ತು, ಕಳಿಸಿದ ತವರಿನವರು ಏನನ್ನೂ ಉಳಿಸಿಕೊಂಡಿಲ್ಲ ಎಂದು ಬರೆದರೆ ಸಾಕು. ಕ್ಷಮೆ ಕೇಳಬೇಕಾಗಿಲ್ಲ. ಅದು ನಿಮಗೆ ಕಷ್ಟ ಎಂದು ಬಲ್ಲೆ. ನನ್ನ ಮಾತಿಗಿಲ್ಲದ ಬೆಲೆ ನಿಮ್ಮ ಮುದ್ರೆಗಿದೆ. ಕೃಷ್ಣಾಬಾಯಿ ಕೆಟ್ಟವರಲ್ಲ, ಸರಕಾರಿ ಕಾಗದ ಕಂಡರೆ ನಂಬುತ್ತಾರೆ.

ಜವಳ ಬರುವ ಅಮಾವಾಸ್ಯೆಯ ಆಚೆಗಿದೆ, ಅಲ್ಲಿಯವರೆಗೆ ನಿಮ್ಮ ಕಾಗದದ ದಾರಿ ನೋಡುತ್ತೇನೆ. ಬಾರದಿದ್ದರೆ ನಾನೇ ಕೃಷ್ಣಾಬಾಯಿಯವರಿಗೆ ಬರೆಯುತ್ತೇನೆ. ಕಲ್ಲವ್ವ ಟಿಕೀಟಿಗೆಂದು ಪೂರ್ತಿ ದುಡ್ಡು ಕೊಟ್ಟಿದ್ದರು, ನಾನೇ ಕಡಿಮೆ ಹಚ್ಚಿ ಉಳಿದದ್ದನ್ನು ನುಂಗಿದೆ ಎಂದು ಬರೆದು ಕೆಳಗೆ ಸಹಿ ಹಾಕುತ್ತೇನೆ. ಅದು ಸುಳ್ಳೆಂದು ಈ ಪತ್ರ ಓದಿದವರಿಗೆಲ್ಲ ಗೊತ್ತಿರುತ್ತದೆ, ಭೋರ್‌ನಲ್ಲಿ ಗೊತ್ತಾಗುವುದು ಬೇಡ. ಜನ ಸಮಜಾಯಿಷಿಯನ್ನು ನಂಬುವುದಿಲ್ಲ, ತಪ್ಪೊಪ್ಪಿಗೆಯನ್ನು ತಕ್ಷಣ ನಂಬುತ್ತಾರೆ. ಆಮೇಲೆ ನನ್ನಿಂದ ಯಾರೂ ಕುಂಚಿಗೆ ಕೊಳ್ಳಲಿಕ್ಕಿಲ್ಲ. ಕೊಳ್ಳದಿರಲಿ, ಕಲ್ಲವ್ವ ಮೊಮ್ಮಗುವಿನ ಜವಳಕ್ಕೆ ಹೋಗಲಿ.

ಇಂತಿ,
ಪೂರ್ತಿ ಟಿಕೀಟು ಹಚ್ಚಿಯೂ ಕಳ್ಳಿಯೆನ್ನಿಸಿಕೊಳ್ಳಲು ತಯಾರಾಗಿ ಕುಳಿತಿರುವ,
ಶೈಲಶ್ರೀ
ಪುಣೆ