ನಮ್ಮವ್ವನ ಜೋಗುಳ ವಾಪಸು ಕೊಡಿ

ಧ್ವನಿ ಸಂಶೋಧನಾ ಕೇಂದ್ರದ ಮಾನ್ಯ ನಿರ್ದೇಶಕರೇ,

ನೀವು ನಮ್ಮವ್ವನ ದನಿಯನ್ನು ಅಳಿಸಿಹಾಕಿದ್ದೀರಿ. ಕೊಡುತ್ತೇವೆಂದು ಮಾತು ಕೊಟ್ಟು ಅಳಿಸಿದ್ದೀರಿ. ಇದಕ್ಕೆ ನಿಮ್ಮ ಶಾಸ್ತ್ರದಲ್ಲಿ ಏನೆನ್ನುತ್ತಾರೋ ಕಾಣೆ, ನಮ್ಮ ವಿಜಯಪುರದ ಕಡೆ ನಂಬಿಸಿ ಕುತ್ತಿಗೆ ಕೊಯ್ಯುವುದು ಎನ್ನುತ್ತಾರೆ.

ಎರಡು ವರ್ಷದ ಹಿಂದೆ ನಿಮ್ಮವರೇ ಸಾಂತಾಕ್ರೂಜಿನಿಂದ ಬೊರಿವಲಿಯ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ನಮ್ಮವ್ವ ಬಸಲಿಂಗವ್ವ ಜೋಗುಳದ ಕೊನೆಗೆ ಎಳೆಯುವ ಸ್ವರ ಬಹಳ ಅಪರೂಪದ್ದಂತೆ. ಉಕಾರದ ಹಾಗೆ ಕೇಳಿಸುತ್ತದೆ, ಆದರೆ ತುಟಿ ದುಂಡಗಾಗುವುದಿಲ್ಲ, ನಗುವವರ ತುಟಿಯ ಹಾಗೆ ಅಗಲವಾಗಿಯೇ ಇರುತ್ತದೆ. ಕನ್ನಡ ವರ್ಣಮಾಲೆಯಲ್ಲಿ ಅದಕ್ಕೆ ಅಕ್ಷರವಿಲ್ಲ. ನಮಗೇನು ಗೊತ್ತು? ಅದನ್ನು ಕೇಳುತ್ತಾ ನಿದ್ದೆಹೋದವರು ನಾವು, ಅಷ್ಟೆ.

ಹಾಡಲು ಹೇಳಿದರೆ ಅವ್ವ ಒಪ್ಪಲಿಲ್ಲ. "ಖಾಲಿ ತೊಟ್ಲಾ ತೂಗಬಾರ್ದೋ ತಮ್ಮಾ, ಕೂಸಿಗಿ ಛಲೋ ಅಲ್ಲ" ಎಂದಳು. ಕಡೆಗೆ, ಹೆಸರಿಡುವ ದಿನ ಕೂಸಿಗಿಂತ ಮೊದಲು ಮಲಗಿಸುವ ಗುಂಡಕಲ್ಲನ್ನೇ ಸೀರೆಯ ಜೋಳಿಗೆಯಲ್ಲಿಟ್ಟೆ. ಆ ಕಲ್ಲನ್ನು ತೂಗುತ್ತಾ ಹಾಡಿದಳು. ನಾನೂ ಹಿಡಿದುಕೊಳ್ಳೋಣವೆಂದು ಮೊಬೈಲ್ ತೆಗೆದರೆ, "ಗದ್ದಲ ಬರುತ್ತೆ ಆಂಟಿ, ಬಂದ್ ಮಾಡಿ. ನಾವೇ ಕೊಡ್ತೀವಿ" ಎಂದರು ನಿಮ್ಮವರು. ಬಂದ್ ಮಾಡಿದೆ.

ಅವ್ವ ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ಈಗ ನನ್ನ ಮಗಳು ರಂಜನಾಗೆ ಹೆಣ್ಣು ಕೂಸು. ಬರುವ ಭಾನುವಾರ ತೊಟ್ಟಿಲಿಗೆ ಹಾಕುತ್ತೇವೆ. ಮುತ್ತಜ್ಜಿಯ ದನಿ ಕೇಳಿಸೋಣವೆಂದು ನಿಮ್ಮಲ್ಲಿಗೆ ಬಂದರೆ, "ಟೆನ್ಶನ್ ಮತ್ ಲೀಜಿಯೆ ಮೇಡಂ, ಡೇಟಾ ಸೇಫ್ ಹೈ" ಎಂದು ಕೈಗೊಂದು ಹಾಳೆ ಕೊಟ್ಟಿರಿ. ಹಾಡು ಬರೆದುಕೊಂಡಾದ ಮೇಲೆ ಆಡಿಯೊ ಅಳಿಸುವುದು ನಿಯಮವಂತೆ! ಹಾಳೆಯ ತುಂಬ ಉಚ್ಚಾರದ ಚಿಹ್ನೆಗಳು. ಅವ್ವನ ಆ ಸ್ವರದ ಜಾಗದಲ್ಲಿ ಇಂಗ್ಲಿಷಿನ ಸಣ್ಣ ಎಂ ಒಂದು ತಲೆಕೆಳಗಾಗಿ ನಿಂತಿದೆ. ನಮ್ಮವ್ವ ಬದುಕಿಡೀ ಯಾರ ಮುಂದೆಯೂ ಹಾಗೆ ನಿಂತವಳಲ್ಲ.

"ಮಮ್ಮಿ, ಇದ್ರಾಗ ಅಜ್ಜಿ ಕಿಧರ್ ಹೈ?" ಎಂದು ರಂಜನಾ ಕೇಳಿದಳು. ನಾನೇ ಆ ಸ್ವರ ಹೊರಡಿಸಲು ನೋಡಿದೆ. ನನ್ನ ತುಟಿ ದುಂಡಗಾಗಿಬಿಡುತ್ತದೆ. ಅಳು ಬಂತು.

ಚಿಹ್ನೆಯಿದ್ದರೆ ದನಿ ಯಾಕೆ ಬೇಕು ಎನ್ನುವವರು ನೀವು, ಅದನ್ನು ಓದಬಲ್ಲವರೂ ನೀವೇ. ಹಾಗಾದರೆ ಭಾನುವಾರ ಬನ್ನಿ. ಗುಂಡಕಲ್ಲು ತೆಗೆದು ಕೂಸನ್ನು ಮಲಗಿಸುತ್ತೇವೆ. ಹಾಳೆ ಹಿಡಿದು, ತುಟಿ ಅಗಲಿಸಿ, ನಮ್ಮವ್ವನ ಜೋಗುಳವನ್ನು ನೀವೇ ಹಾಡಿ. ಕೂಸು ನಿದ್ದೆಹೋದರೆ ನಿಮ್ಮ ಡೇಟಾ ಸೇಫ್ ಎಂದು ಒಪ್ಪುತ್ತೇನೆ.

ಇಂತಿ,
ನಿಮ್ಮ ಮಾತು ನಂಬಿ ಮೊಬೈಲ್ ಬಂದ್ ಮಾಡಿದ
ಶೈಲಾ, ಬೊರಿವಲಿ