ಖಾಲಿ ಅಂತ ಬರೆದದ್ದು ನನ್ನ ತಪ್ಪು

ತಾಂಡೂರು
೧೪ ಡಿಸೆಂಬರ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ಪ್ರಮೋದ,

ಹೇಗಿದ್ದೀಯೋ? ಚಳಿ ಬಂತೆಂದರೆ ನಿನಗೆ ಚಿಕ್ಕಂದಿನಿಂದಲೂ ಎದೆ ಕಟ್ಟುತ್ತದೆ, ನಾರಾಯಣಖೇಡದ ಬಯಲಲ್ಲಿ ಕುರಿಗಳ ಜೊತೆ ಮಲಗುತ್ತೀಯೋ ಏನೋ. ಕಂಬಳಿ ಸಾಲದಿದ್ದರೆ ಹೇಳಿ ಕಳಿಸು. ಅವ್ವನ ಮೊಣಕಾಲು ನೋವು ಈಗ ಕಡಿಮೆ. ಅಪ್ಪನ ಬಿಪಿ ಹತೋಟಿಯಲ್ಲಿದೆ, ಬಾಯಿ ಮಾತ್ರ ಇಲ್ಲ. ನೀನಂತೂ ನಾನು ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜ್ ಹಾಕಿದರೆ ನೋಡುವುದಿಲ್ಲ. ಅಕ್ಕ ಅಂದರೆ ಅಷ್ಟು ಸಸಾರವಾಗಿಬಿಟ್ಟಳೇನೋ? ನಿನ್ನ ಜೊತೆಗಾರ ಮೈಲಾರಿ ಅತ್ತೆಮನೆಗೆಂದು ಇಲ್ಲಿಗೆ ಬಂದವನು ಬಜಾರಿನಲ್ಲಿ ಸಿಕ್ಕಿದ. ಹಿಡಿದು ತಂದು ಕೂರಿಸಿ, ಉಪ್ಪಿಟ್ಟು ಕೊಟ್ಟು, ಇದನ್ನು ಬರೆಯುತ್ತಿದ್ದೇನೆ. ಪೂರ್ತಿ ಓದದೆ ಮಡಚಿ ಇಟ್ಟೀಯ, ಜೋಕೆ.

ನನಗೆ ಹೊಸ ಕೆಲಸ ಸಿಕ್ಕಿದೆ, ಮನೆಯಿಂದಲೇ. ಜನ ಸಾಮಾಜಿಕ ಜಾಲತಾಣಗಳಲ್ಲಿ ಹಾಕಿದ ಪೋಸ್ಟು, ವಿಡಿಯೋಗಳನ್ನು ಹುಡುಕಿ ಎಐ ಏಜೆಂಟುಗಳಿಗೆ ತಂದುಕೊಡುವ ಒಂದು ಸಾಧನವಿದೆ. ಅದರ ಕೈಪಿಡಿ ಬರೆಯುವವಳು ನಾನು. ಏಜೆಂಟ್ ಅಂದರೆ ನಾವು ಹೇಳಿದ ಕೆಲಸವನ್ನು ತಾನೇ ಹೆಜ್ಜೆ ಹೆಜ್ಜೆಯಾಗಿ ಮಾಡಿ ಮುಗಿಸುವ ಪ್ರೋಗ್ರಾಂ. ಹೇಗೆ ಕೇಳಬೇಕು, ಏನು ಬರುತ್ತದೆ, ಬಂದದ್ದಕ್ಕೆ ಅರ್ಥವೇನು, ಎಲ್ಲ ಬಿಡಿಸಿ ಬರೆಯಬೇಕು. ಓದುವವರು ಮನುಷ್ಯರಲ್ಲ, ಅವೇ ಏಜೆಂಟುಗಳು. ಅನುಮಾನ ಬಂದರೆ ತಿರುಗಿ ಕೇಳುವ ಪೈಕಿ ಅಲ್ಲ. ನಾನು ಬರೆದದ್ದನ್ನು ಹಾಗೇ ನಂಬಿಬಿಡುತ್ತವೆ. ಅವ್ವ ಇದನ್ನು ಕೇಳಿ, “ಮನ್ಯಾಗ ನಿನ್ನ ಮಾತು ಯಾರೂ ಕೇಳಲಿಲ್ಲ, ಮಷೀನರ ಕೇಳಲಿ ಬಿಡು” ಅಂದಳು.

ಕೈಪಿಡಿಯನ್ನು ಪರೀಕ್ಷಿಸಿ ನೋಡಲು ಯಾರದಾದರೂ ಒಂದು ಬಹಿರಂಗ ಖಾತೆ ಬೇಕಿತ್ತು. ಯಾವುದೋ ಅಡುಗೆಯವರದ್ದು ಹಾಕಲಿದ್ದೆ. ಅಷ್ಟರಲ್ಲಿ ಅಪ್ಪ ಪೇಪರಿನ ಹಿಂದಿನಿಂದಲೇ, “ಅಂವಂದು ಹಾಕಿ ನೋಡು. ಪರೀಕ್ಷಾಕ ಅಷ್ಟ” ಅಂದರು. ಎರಡು ವರ್ಷದಿಂದ ನಿನ್ನ ಹೆಸರೆತ್ತದ ಅಪ್ಪ! ಜಹೀರಾಬಾದಿನ ಇಂಜಿನಿಯರ್ ನೌಕರಿ ಬಿಟ್ಟು ನೀನು ಕುರಿ ಕೊಂಡಾಗ, “ಮೂವತ್ತು ವರ್ಷ ಫ್ಯಾಕ್ಟರಿ ಪಾಳಿ ಮಾಡಿ ಓದಿಸೀನಿ, ಕುರಿ ಕಾಯಾಕೇನು?” ಅಂತ ಬಾಗಿಲಲ್ಲಿ ನಿಂತು ಕೂಗಿದವರು. ನಿನ್ನ ಖಾತೆ ಹಾಕಿದೆ, ವಿಡಿಯೋಗಳ ಪಟ್ಟಿ ಬಂತು. ಅವಳಿ ಮರಿ, ಕಾಲು ಕುಂಟುವ ಟಗರು, ಹೊಸ ಹಟ್ಟಿಯ ಬೇಲಿ. ನಾನು ಒಂದೊಂದಾಗಿ ಗಟ್ಟಿಯಾಗಿ ಓದಿದೆ. ಅಪ್ಪ ಅಷ್ಟು ಹೊತ್ತೂ ಪೇಪರಿನ ಪುಟ ತಿರುಗಿಸಲಿಲ್ಲ. ಅಂದಿನಿಂದ ಸಂಜೆ ಚಹಾ ಮುಗಿದ ಕೂಡಲೇ, “ಇವತ್ತ ಪರೀಕ್ಷಾ ಆಗಿಲ್ಲೇನು?” ಅನ್ನುವುದು. ಆ ಟಗರಿಗೆ ನೀನು ಯಾವ ಎಣ್ಣೆ ಹಚ್ಚುತ್ತೀಯ ಅನ್ನುವುದೂ ಅವರಿಗೆ ಗೊತ್ತು, “ಬೇವಿನೆಣ್ಣಿ ಹಚ್ಚಬೇಕಿತ್ತು” ಅಂತ ಗೊಣಗುತ್ತಾರೆ.

ಹೋದ ಸೋಮವಾರ ಮಾತ್ರ ಏನೂ ಬರಲಿಲ್ಲ. ಖಾಲಿ ಪಟ್ಟಿ. ‘ಖಾಲಿ ಬಂದರೆ ಆ ಖಾತೆಯಲ್ಲಿ ಪೋಸ್ಟುಗಳೇ ಇಲ್ಲ ಎಂದರ್ಥ’ ಅಂತ ಕೈಪಿಡಿಯಲ್ಲಿ ಬರೆದವಳು ನಾನೇ. ಏಜೆಂಟ್ ಅದನ್ನೇ ಒಪ್ಪಿಸಿತು: ಈ ವ್ಯಕ್ತಿಯ ಯಾವ ಪೋಸ್ಟೂ ಇಲ್ಲ. ಅಪ್ಪ ಎದ್ದು ನಿಂತರು. “ಎಲ್ಲಾ ಅಳಿಸ್ಯಾನ. ಕುರಿ ಮಾರ್ಯಾನೋ, ಸತ್ತಾವೋ. ಅಂವ ಎಲ್ಲಿ ಹೋಗ್ಯಾನೋ” ಅಂದರು. ಆ ದಿನ ರೊಟ್ಟಿ ಮುಟ್ಟಲಿಲ್ಲ. ಅಪ್ಪ ಅಷ್ಟು ಸೋತು ಹೋದದ್ದನ್ನು ನಾನು ಎಂದೂ ನೋಡಿರಲಿಲ್ಲ, ತಮ್ಮಾ.

ಮರುದಿನ ಜೊತೆ ಕೆಲಸ ಮಾಡುವ ಕ್ರಾಂತಿಕುಮಾರನೂ ನಾನೂ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ನೀನು ಖಾತೆಯನ್ನು ಖಾಸಗಿ ಮಾಡಿಕೊಂಡಿದ್ದೆ. ಪೋಸ್ಟು ಇಲ್ಲದಿದ್ದರೂ, ನೋಡಲು ಅನುಮತಿ ಇಲ್ಲದಿದ್ದರೂ ನಮ್ಮ ಸಾಧನ ಅದೇ ಖಾಲಿ ಪಟ್ಟಿ ಕೊಡುತ್ತಿತ್ತು. ವಿಚಾರಿಸದೆ ‘ಇಲ್ಲ’ ಅಂತ ಬರೆದದ್ದು ನನ್ನ ಗಡಿಬಿಡಿ. ಈಗ ತಿದ್ದಿದ್ದೇನೆ: ‘ಕಾಣದಿದ್ದರೆ ಇಲ್ಲ ಎನ್ನಬೇಡ. ಖಾಸಗಿ ಇರಬಹುದು. ಹಾಗಿದ್ದರೆ ಅಲ್ಲಿಗೇ ನಿಲ್ಲು, ಅಡ್ಡದಾರಿ ಹುಡುಕಬೇಡ.’ ಕೊನೆಯ ಮಾತು ಅಪ್ಪನಿಂದ ಬಂದದ್ದು. ಮೈಲಾರಿಗೆ ನಿನ್ನ ಖಾತೆ ಕಾಣುತ್ತದಲ್ಲ, ಅವನಿಗೆ ಹೇಳಿ ಅವನ ಫೋನಿನಿಂದ ಕದ್ದು ನೋಡೋಣ ಅಂತ ನಾನು ಹೊರಟಿದ್ದೆ. ಅವರು ಬಿಡಲಿಲ್ಲ. “ಬ್ಯಾಡವ್ವಾ. ಬಾಗಲಾ ಹಾಕ್ಕೊಂಡಾನ ಅಂದ್ರ ಒಳಗ ಅದಾನ. ನನಗ ಅಷ್ಟ ಸಾಕು.” ಅವತ್ತು ಮೂರು ರೊಟ್ಟಿ ತಿಂದರು.

ನೆಂಟರ ಹುಡುಗರು ನಿನ್ನ ವಿಡಿಯೋ ಕೆಳಗೆ ‘ಕುರಿ ಇಂಜಿನಿಯರ್’ ಅಂತ ಬರೆದದ್ದನ್ನು ನಾನೂ ನೋಡಿದ್ದೇನೆ. ಅದಕ್ಕೇ ಮುಚ್ಚಿದ್ದೀಯ ಅಂತ ಕಾಣುತ್ತದೆ. ಅವರ ಬಾಯಿಗೆ ಮಣ್ಣು ಬೀಳಲಿ. ಯಾರು ನೋಡಬೇಕು, ಯಾರು ನೋಡಬಾರದು ಅನ್ನುವುದು ನಿನಗೇ ಬಿಟ್ಟದ್ದು.

ಅವ್ವ ಶೇಂಗಾ ಹೋಳಿಗೆ ಕಟ್ಟಿದ್ದಾಳೆ. ಮೈಲಾರಿ ದಾರಿಯಲ್ಲಿ ಉಳಿಸಿದಷ್ಟು ನಿನಗೆ. ನಿನಗೂ ನಿನ್ನ ಮಂದೆಗೂ ಈ ಚಳಿ ಸುಖವಾಗಿ ಕಳೆಯಲಿ.

ನಿನ್ನ ಅಕ್ಕ,
ಸಂಪದಾ

ತಾ.ಕ.: “ಬಸ್ಸಿಗಿ ಹೊತ್ತಾತ್ರಿ ಅಕ್ಕಾರ” ಅಂತ ಮೈಲಾರಿ ಎದ್ದು ನಿಂತಿದ್ದಾನೆ, ಬೇಗ ಹೇಳುತ್ತೇನೆ. ನಿನ್ನ ಖಾತೆ ನೋಡಲು ಅನುಮತಿ ಕೇಳಿ ‘ಖಂಡೆಪ್ಪ’ ಅಂತೊಬ್ಬರು ಕಾಯುತ್ತಿದ್ದಾರೆ. ಫೋಟೋ ಇಲ್ಲ, ಗೆಳೆಯರಿಲ್ಲ, ಯಾರೋ ಪುಂಡ ಅಂತ ಅಳಿಸಿಬಿಟ್ಟೀಯ. ಅದು ಅಪ್ಪ. ಮೊನ್ನೆ ಚಾರ್ಜಿಗೆ ಹಾಕುವಾಗ ಅವರ ಫೋನಿನಲ್ಲಿ ಕಂಡೆ. ಶರಣಪ್ಪ ಅಂತ ಸ್ವಂತ ಹೆಸರು ಹಾಕಿದರೆ ನೀನು ಬೇಡ ಅಂದೀಯ ಅಂತ ಹೆದರಿದ್ದಾರೆ. ಗೊತ್ತಿಲ್ಲದೆ ಒಪ್ಪಬಾರದು ಅಂತಲೇ ನಿನಗೆ ಹೇಳುತ್ತಿದ್ದೇನೆ. ಒಪ್ಪುವುದು, ಬಿಡುವುದು ನಿನ್ನದು. ಈಗಲೂ ಕಟ್ಟೆಯ ಮೇಲೆ ಕೂತು ಫೋನೇ ನೋಡುತ್ತಿದ್ದಾರೆ.