ಲೆಫ್ಟಿನೆಂಟ್ ಎಂದರೆ

ಡೊಂಬಿವಲಿ ಪೂರ್ವ
೨೬ ಆಗಸ್ಟ್ ೨೦೨೪

ಪ್ರೀತಿಯ ನಿಕಿತಾ,

ನೀನು ಕನ್ನಡವನ್ನು ಅಕ್ಷರ ಕೂಡಿಸಿ ಓದುವವಳೆಂದು ಗೊತ್ತು. ಆದರೂ ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ, ನಿಧಾನವಾಗಿ ಓದು. ಚೆನ್ನೈಗೆ ಬರಲಾರೆ, ಮಂಡಿ ನೋವು ಎಂದು ಫೋನಿನಲ್ಲಿ ಹೇಳಿದ್ದೆನಲ್ಲ, ಮಂಡಿಗೆ ಏನೂ ಆಗಿಲ್ಲ. ನಿನ್ನ ಸೈನ್ಯದ ತರಬೇತಿಯ ಕೊನೆಯ ಪರೇಡ್ ಮುಗಿದ ಮೇಲೆ ಒಂದು ಹೆಗಲಿಗೆ ಅಪ್ಪ, ಇನ್ನೊಂದಕ್ಕೆ ನಾನು ನಕ್ಷತ್ರ ತೊಡಿಸಬೇಕು ಎಂದೆಯಲ್ಲ, ಅದಕ್ಕೆ ಹೆದರಿದೆ. ಅದು ನಿನ್ನನ್ನು ಹೆತ್ತ ಜಯಲತಕ್ಕನ ಜಾಗ. ನಾನು ಅವಳ ತಂಗಿ, ಅವಳು ಹೋದ ಮೇಲೆ ಈ ಮನೆ ತುಂಬಿದವಳು.

ನಿನ್ನೆ ಕೆಳಗಿನ ಮನೆಯ ಕಶ್ಯಪ ಮಾಸ್ತರರಿಗೆ ಪೇಡೆ ಕೊಡಲು ಹೋಗಿದ್ದೆ. ಕಲ್ಯಾಣದ ಕಾಲೇಜಿನಲ್ಲಿ ಫ್ರೆಂಚ್ ಕಲಿಸಿದವರು. ನಮ್ಮ ಹುಡುಗಿ ಲೆಫ್ಟಿನೆಂಟ್ ಆಗುತ್ತಾಳೆ ಎಂದದ್ದೇ ತಡ, ಪೇಡೆ ಬಾಯಿಗಿಡದೆ ಆ ಪದವನ್ನು ಬಿಡಿಸಲು ಕೂತರು. ಅದು ಫ್ರೆಂಚರ ಮಾತಂತೆ. ‘ಲ್ಯೂ’ ಎಂದರೆ ಜಾಗ, ‘ತೆನಾಂ’ ಎಂದರೆ ಹಿಡಿದಿರುವವನು. ಮೇಲಿನವನು ಇಲ್ಲದಾಗ ಅವನ ಜಾಗ ಖಾಲಿ ಬೀಳದಂತೆ ನಿಲ್ಲುವವನು. ಕರ್ನಲ್, ಗವರ್ನರ್‌ಗಳ ಹಿಂದೆಯೂ ಆ ಪದ ಬರುವುದು ಅದಕ್ಕೇ. ಇಂಗ್ಲಿಷರ ಬಾಯಲ್ಲಿ ‘ಲೆಫ್ಟ್’ ಹೇಗಾಯಿತೋ ಯಾರಿಗೂ ಖಚಿತವಿಲ್ಲವಂತೆ.

ಹಾಗಾದರೆ ಆ ಜಾಗ ಅವನದಲ್ಲವಲ್ಲ ಎಂದೆ.

“ಅಲ್ಲ ರತ್ನಾವತಿ. ಆದ್ರೆ ಹಿಡ್ಕೊಂಡಿರೋವರೆಗೂ ಅವನ ಮಾತೇ ಮಾತು,” ಎಂದರು.

ಎಲ್ಲಿಯ ಫ್ರಾನ್ಸ್, ಎಷ್ಟು ನೂರು ವರ್ಷಗಳ ಹಿಂದಿನ ಸಿಪಾಯಿಗಳು. ಇಪ್ಪತ್ತೊಂದು ವರ್ಷದಿಂದ ನಾನು ಮಾಡುತ್ತಿರುವ ಕೆಲಸಕ್ಕೆ ಅವರು ಆಗಲೇ ಹೆಸರಿಟ್ಟು, ಅದನ್ನೊಂದು ಪದವಿ ಮಾಡಿಟ್ಟಿದ್ದಾರೆ! ವಾಪಸು ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತೆ, ಮಂಡಿಗಾಗಿ ಅಲ್ಲ.

ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ರೀತಿ ನಿನಗೆ ಗೊತ್ತಲ್ಲ. ಎಲ್ಲಿ ಇಳಿಯುತ್ತೀರಿ ಎಂದು ಕೂತವಳನ್ನು ಕೇಳಿಡುತ್ತೇವೆ. ಥಾಣೆ ಎಂದಳೋ, ಥಾಣೆಯ ನಂತರ ಆ ಸೀಟು ಕೇಳಿದವಳದ್ದು. ಮತ್ಯಾರೂ ಕೂರುವಂತಿಲ್ಲ. ಇಳಿಯುವವಳ ಒಂದು ಮಾತು ಸಾಕು. ಅಕ್ಕ ನಿನ್ನನ್ನು ನನ್ನ ಕೈಗೆ ಒಪ್ಪಿಸಿ ಹೋದಳು ಎಂದು ನಾನು ಎಲ್ಲರಿಗೂ ಹೇಳುತ್ತಾ ಬಂದದ್ದೂ ಅಂಥ ಮಾತೇ.

ಬರುತ್ತೇನೆ. ಟಿಕೆಟ್ ಆಗಿದೆ. ಎಡ ಹೆಗಲು ನನಗಿರಲಿ.

ಇಂತಿ ನಿನ್ನ
ರತ್ನ ಚಿಕ್ಕಮ್ಮ

ತಾ. ಕ.: ಅಕ್ಕ ಏನೂ ಹೇಳಿರಲಿಲ್ಲ. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳಿಗೆ ಮಾತು ನಿಂತಿತ್ತು. ಹೊರಗೆ ಬೆಂಚಿನ ಮೇಲೆ ಮೂರು ವರ್ಷದ ನೀನು ಒಬ್ಬಳೇ ಕೂತಿದ್ದೆ, ನನ್ನ ಸೆರಗು ಹಿಡಿದೆ. ಆ ಜಾಗವನ್ನು ನನಗೆ ಯಾರೂ ಕೊಡಲಿಲ್ಲ ಮಗಾ, ನಾನಾಗಿ ಕೂತೆ. ಏಳು ಎಂದು ನೀನು ಒಂದು ದಿನವೂ ಹೇಳಲಿಲ್ಲ.